ವಾಲ್ವ್ ಬದಲಿಸಿದ ಮೇಲೆ ಪ್ಲೇಟ್‌ಲೆಟ್ ಇಳಿದರೆ: ಜೊತೆಗಿರುವವರು ನೋಡಬೇಕಾದದ್ದು, ಕೇಳಬೇಕಾದದ್ದು

ಹೃದಯದ ವಾಲ್ವ್ ಬದಲಿಸಿದ ಎರಡನೇ ದಿನವೋ ಮೂರನೇ ದಿನವೋ ಬರುವ ರಕ್ತದ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಕಡಿಮೆ ಇರುವುದು ತೀರಾ ಸಾಮಾನ್ಯ. 80 ಸಾವಿರ, 90 ಸಾವಿರ ಅಂತ ಬಂದಿರುತ್ತದೆ. ಡೆಂಗಿ ಕಂಡು ಹೆದರಿದ ಜನ ನಾವು. ಆ ಸಂಖ್ಯೆ ಕಿವಿಗೆ ಬಿದ್ದ ಕೂಡಲೇ ಒಬ್ಬರು ಪಪ್ಪಾಯಿ ಎಲೆ ಹುಡುಕಲು ಹೊರಡುತ್ತಾರೆ, ಇನ್ನೊಬ್ಬರು ರಕ್ತ ಕೊಡುವವರಿಗಾಗಿ ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕುತ್ತಾರೆ. ಸದ್ಯಕ್ಕೆ ಎರಡೂ ಬೇಡ.

ಈ ಆಪರೇಷನ್ ಆದವರಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟನೇ ದಿನ ಇಳಿಯಿತು ಅನ್ನುವುದು ಜಾಸ್ತಿ ವಿಷಯ ಹೇಳುತ್ತದೆ. ಎರಡನೇ ದಿನದ 80 ಸಾವಿರ ಬೇರೆ, ಎಂಟನೇ ದಿನದ 80 ಸಾವಿರ ಬೇರೆ. ಮೊದಲನೆಯದು ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಎರಡನೆಯದನ್ನು ಯಾರೂ ಗಮನಿಸದೆ ಬಿಟ್ಟರೆ ಕಾಲು ಕಳೆದುಕೊಳ್ಳುವ ಹಂತಕ್ಕೂ ಹೋಗಬಹುದು. ಚಿಕಿತ್ಸೆ ನಿರ್ಧರಿಸುವುದು ಡಾಕ್ಟರ್ ಕೆಲಸ. ದಿನ ಎಣಿಸುವುದು, ಸರಿಯಾದ ಪ್ರಶ್ನೆ ಕೇಳುವುದು, ಮನೆಗೆ ಬಂದ ಮೇಲೆ ಕಣ್ಣಿಡುವುದು ಜೊತೆಗಿರುವವರ ಕೆಲಸ. ಈ ಬರಹ ಅವರಿಗಾಗಿ.

ಆಪರೇಷನ್‌ಗೆ ಮೊದಲೇ ಒಂದು ಹಾಳೆ ಶುರು ಮಾಡಿ

ಒಂದು ನೋಟ್‌ಬುಕ್ಕಿನ ಹಾಳೆ ಸಾಕು. ತಾರೀಕು, ಆಪರೇಷನ್ ಆಗಿ ಎಷ್ಟನೇ ದಿನ, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್, ಆ ದಿನ ಹೆಪಾರಿನ್ ಕೊಟ್ಟಿದ್ದಾರಾ, ಹೊಸದಾಗಿ ಯಾವ ಔಷಧಿ ಶುರುವಾಯಿತು. ಇಷ್ಟು ಕಾಲಂ ಹಾಕಿ. ಆಪರೇಷನ್ ದಿನವನ್ನು ಸೊನ್ನೆ ಅಂತ ಲೆಕ್ಕ ಹಿಡಿಯಿರಿ.

ಹಾಳೆಯ ಮೊದಲ ಸಾಲು ಆಪರೇಷನ್‌ಗೆ ಮುಂಚಿನ ಪ್ಲೇಟ್‌ಲೆಟ್ ಸಂಖ್ಯೆ ಆಗಿರಬೇಕು. ಆರೋಗ್ಯವಂತರಲ್ಲಿ ಇದು ಒಂದು ಮೈಕ್ರೋಲೀಟರ್ ರಕ್ತಕ್ಕೆ 1.5 ಲಕ್ಷದಿಂದ 4.5 ಲಕ್ಷ. ಒಬ್ಬರದು ಮೊದಲೇ 1.4 ಲಕ್ಷ ಇದ್ದರೆ ಆಮೇಲಿನ 80 ಸಾವಿರ ಅಷ್ಟೇನೂ ದೊಡ್ಡ ಕುಸಿತ ಅಲ್ಲ. 3.2 ಲಕ್ಷ ಇದ್ದವರಿಗೆ 1.4 ಲಕ್ಷ ಆದರೆ ಅದು ಅರ್ಧಕ್ಕಿಂತ ಹೆಚ್ಚು ಇಳಿತ. ರಿಪೋರ್ಟ್‌ನಲ್ಲಿ ಮಾತ್ರ ಅದು 'ಸ್ವಲ್ಪ ಕಡಿಮೆ' ಅಂತ ಕಾಣುತ್ತದೆ.

ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಬೇಕಾದ ಮುಖ್ಯ ಸಂಗತಿ ಒಂದಿದೆ: ಕಳೆದ ಮೂರು ತಿಂಗಳಲ್ಲಿ ರೋಗಿಗೆ ಹೆಪಾರಿನ್ ಬಿದ್ದಿದೆಯೇ? ಹೆಪಾರಿನ್ ಎಂದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್. 'ಇಲ್ಲ' ಅಂತ ತಲೆ ಆಡಿಸುವ ಮುಂಚೆ ಯೋಚಿಸಿ. ಕೈಯಿಂದ ಆಂಜಿಯೋಗ್ರಾಂ ಮಾಡುವಾಗ ಸಾಮಾನ್ಯವಾಗಿ ಹೆಪಾರಿನ್ ಕೊಟ್ಟಿರುತ್ತಾರೆ. ಡಯಾಲಿಸಿಸ್‌ನಲ್ಲೂ ಕೊಡುತ್ತಾರೆ. ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಅಂತ ಹೊಟ್ಟೆಯ ಚರ್ಮಕ್ಕೆ ಚುಚ್ಚಿದ ಇಂಜೆಕ್ಷನ್ ಕೂಡ ಬಹುಶಃ ಇದೇ ಗುಂಪಿನದು. ಇದು ಏಕೆ ಮುಖ್ಯ ಎನ್ನುವುದು ಮುಂದೆ ಬರುತ್ತದೆ. ಲಿವರ್ ತೊಂದರೆ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿರುವುದು, ಕುಡಿತ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಇವೆಲ್ಲ ಪ್ಲೇಟ್‌ಲೆಟ್ ಇಳಿಸುವಂಥವೇ.

ಹಾಕಲಿರುವ ವಾಲ್ವ್ ಯಾವುದು ಎಂದೂ ಕೇಳಿ ಬರೆದುಕೊಳ್ಳಿ. ಟಿಶ್ಯೂ ವಾಲ್ವ್ ಅನ್ನುವುದು ಹಂದಿಯ ವಾಲ್ವ್‌ನಿಂದ ಅಥವಾ ದನದ ಹೃದಯದ ಹೊರಪೊರೆಯಿಂದ ಮಾಡಿದ್ದು. ಕೆಲವು ಮನೆಗಳಲ್ಲಿ ಈ ವಿಷಯ ಆಪರೇಷನ್ ಆದ ಮೇಲೆ ಗೊತ್ತಾಗಿ ಬೇಸರಕ್ಕೆ ಕಾರಣವಾಗುತ್ತದೆ. ಮೊದಲೇ ಕೇಳಿ ಮಾತಾಡಿಕೊಳ್ಳುವುದು ಒಳ್ಳೆಯದು, ಅಲ್ವಾ? ಕಾರ್ಬನ್, ಲೋಹದಿಂದ ಮಾಡಿದ ಮೆಕ್ಯಾನಿಕಲ್ ವಾಲ್ವ್‌ನ ನಿಯಮಗಳು ಬೇರೆ. ಅದನ್ನು ಹಾಕಿಸಿಕೊಂಡವರು ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ತಿನ್ನಬೇಕು. ಪಕ್ಕದ ಬೆಡ್‌ನವರ ಸಲಹೆಯನ್ನು ಹಾಗೇ ಪಾಲಿಸಬಾರದು ಎನ್ನುವುದು ಇದಕ್ಕೇ.

ರಿಪೋರ್ಟ್‌ನಲ್ಲಿ ಸರಿಯಾದ ಸಾಲು ನೋಡಿ

ಪ್ಲೇಟ್‌ಲೆಟ್ ಬೇರೆ, ಬಿಳಿ ರಕ್ತಕಣ ಬೇರೆ. ಎರಡೂ ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಇರುತ್ತವೆ. ಸಂಖ್ಯೆ ಬರೆಯುವ ರೀತಿಯೂ ಒಂದೊಂದು ಲ್ಯಾಬ್‌ನಲ್ಲಿ ಒಂದೊಂದು ತರ. ಒಬ್ಬರು 92,000 ಅಂತ ಬರೆದರೆ ಇನ್ನೊಬ್ಬರು 0.92 ಲಕ್ಷ ಅಂತಾರೆ. ಮತ್ತೊಬ್ಬರು ಸಾವಿರದ ಲೆಕ್ಕದಲ್ಲಿ ಬರೀ 92 ಅಂತ ಹಾಕುತ್ತಾರೆ. ಎಲ್ಲ ಒಂದೇ.

ಕೆಲವು ಸಲ ರಕ್ತದಲ್ಲಿ ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ, ಟ್ಯೂಬ್‌ನಲ್ಲಿ ಇಳಿದಿರುತ್ತದೆ. ಈ ಪರೀಕ್ಷೆಗೆ ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ಪ್ಲೇಟ್‌ಲೆಟ್‌ಗಳು ಅದು ತಾಗಿದರೆ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಮೆಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಗುರುತಿಸುವುದಿಲ್ಲ, ಲೆಕ್ಕ ತಪ್ಪುತ್ತದೆ. ಹಾಗಾಗಿ ರೋಗಿ ಆರಾಮಾಗಿದ್ದು, ಎಲ್ಲೂ ರಕ್ತ ಸೋರದೆ, ಸಂಖ್ಯೆ ಮಾತ್ರ ದಿಢೀರ್ ಬಿದ್ದಿದ್ದರೆ ಹೀಗೆ ಕೇಳಿ: "ಸ್ಮಿಯರ್ ನೋಡಿದ್ದೀರಾ? ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಇನ್ನೊಮ್ಮೆ ನೋಡಬಹುದಾ?" ನೀಲಿ ಟ್ಯೂಬ್‌ನಲ್ಲಿ ಸಿಟ್ರೇಟ್ ಇರುತ್ತದೆ, ಬಹಳಷ್ಟು ಸಲ ಅದರಲ್ಲಿ ಈ ಗುಂಪುಗೂಡುವಿಕೆ ಆಗುವುದಿಲ್ಲ. ಸ್ಮಿಯರ್ ಎಂದರೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು. ಸುಲಭದ ಪರೀಕ್ಷೆ, ಕೇಳುವುದಕ್ಕೆ ಸಂಕೋಚ ಬೇಡ.

ಮೊದಲ ನಾಲ್ಕು ದಿನ: ಇಳಿಯುವುದು ಸಹಜ

ವಾಲ್ವ್ ಬದಲಿಸುವಾಗ ಹೃದಯವನ್ನು ನಿಲ್ಲಿಸಿ, ರಕ್ತವನ್ನು ಹಾರ್ಟ್-ಲಂಗ್ ಮೆಷಿನ್ ಮೂಲಕ ಹರಿಸುತ್ತಾರೆ. ಆ ಮೆಷಿನ್‌ನ ಕೊಳವೆಗಳಲ್ಲಿ ಮೊದಲೇ ತುಂಬಿಟ್ಟ ದ್ರವ ರಕ್ತಕ್ಕೆ ಸೇರಿ ಅದು ತೆಳುವಾಗುತ್ತದೆ. ಪ್ಲಾಸ್ಟಿಕ್ ಕೊಳವೆಗಳಿಗೆ ತಾಗಿ ಎಷ್ಟೋ ಪ್ಲೇಟ್‌ಲೆಟ್‌ಗಳು ಹಾಳಾಗುತ್ತವೆ. ಕೊಯ್ದ ಜಾಗ ಮುಚ್ಚುವುದಕ್ಕೆ ಇನ್ನಷ್ಟು ಖರ್ಚಾಗುತ್ತವೆ. ಮೂರೂ ಸೇರಿ ಸಂಖ್ಯೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಯುತ್ತದೆ. ಎರಡನೇ ಅಥವಾ ಮೂರನೇ ದಿನ ಅದು ತಳ ಮುಟ್ಟುತ್ತದೆ. ಐದನೇ ದಿನದ ಹೊತ್ತಿಗೆ ಏರುವ ದಾರಿ ಹಿಡಿದಿರಬೇಕು. ಎರಡನೇ ವಾರದಲ್ಲಿ ಮೊದಲಿಗಿಂತಲೂ ಜಾಸ್ತಿ ಆಗುವುದುಂಟು. 5 ಲಕ್ಷ ಕಂಡು ಗಾಬರಿ ಬೀಳುವವರೂ ಇದ್ದಾರೆ, ಅದೂ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ವಾಲ್ವ್ ಮಾದರಿಗೂ ಇದಕ್ಕೂ ಸ್ವಲ್ಪ ನಂಟಿದೆ. ಫ್ರೀಡಂ ಸೋಲೋ, ಪರ್ಸೆವಾಲ್ ಎಂಬ ಟಿಶ್ಯೂ ವಾಲ್ವ್‌ಗಳನ್ನು ಹಾಕಿದವರಲ್ಲಿ ಮೊದಲ ದಿನಗಳ ಇಳಿತ ಉಳಿದವುಗಳಿಗಿಂತ ಹೆಚ್ಚಾಗಿ ಕಂಡಿದೆ. ಅದೂ ಬಹುಪಾಲು ತಾತ್ಕಾಲಿಕ. ತೊಡೆಯ ರಕ್ತನಾಳದಿಂದ ಒಳಗೆ ಹೋಗಿ ಕೂರಿಸುವ ಟಾವಿ ವಿಧಾನದಲ್ಲೂ, ಮೆಷಿನ್ ಇಲ್ಲದಿದ್ದರೂ, ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಪ್ಲೇಟ್‌ಲೆಟ್ ತಗ್ಗುತ್ತದೆ.

ಈ ದಿನಗಳಲ್ಲಿ ಸಂಖ್ಯೆಯನ್ನು ಹಿಡಿದು ಕೂರುವ ಬದಲು ಎದೆಯಿಂದ ಬರುವ ಡ್ರೈನ್, ಅಂದರೆ ಒಳಗಿನ ರಕ್ತ ಹೊರಗೆ ಬಿಡುವ ಕೊಳವೆ, ನೋಡಿ. ಸೋರುವ ರಕ್ತ ಗಂಟೆ ಗಂಟೆಗೆ ಕಡಿಮೆಯಾಗುತ್ತಿದೆಯೇ, ತೆಳ್ಳಗಾಗುತ್ತಿದೆಯೇ? ಹಿಮೋಗ್ಲೋಬಿನ್ ನಿಂತಲ್ಲೇ ನಿಂತಿದೆಯೇ? ಹಾಗಿದ್ದರೆ 70 ಸಾವಿರಕ್ಕೂ ಹೆದರಬೇಕಿಲ್ಲ. ಐಸಿಯು ಒಳಗೆ ನಿಮ್ಮನ್ನು ಬಿಡದಿದ್ದರೆ ರೌಂಡ್ಸ್ ಮುಗಿದ ಮೇಲೆ ಇದೇ ಎರಡು ಪ್ರಶ್ನೆ ಕೇಳಿ.

ಇನ್ನು ಪ್ಲೇಟ್‌ಲೆಟ್ ಕೊಡಿಸುವ ವಿಷಯ. 'ಸಂಖ್ಯೆ ಕಡಿಮೆ ಇದೆ, ಒಂದು ಬಾಟಲ್ ಹಾಕಿಸಿಬಿಡಿ' ಅಂತ ಡಾಕ್ಟರ ಮೇಲೆ ಒತ್ತಡ ಹಾಕುವ ಮನೆಯವರು ಬಹಳ. ರಕ್ತ ಸುರಿಯುತ್ತಿದ್ದರೆ ಕೊಡಲೇಬೇಕು. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರದ ಸುತ್ತ ಇಳಿಯುವವರೆಗೆ ಮುನ್ನೆಚ್ಚರಿಕೆಗೆಂದು ಕೊಡುವುದಿಲ್ಲ. ಹೊಸದಾಗಿ ಆಪರೇಷನ್ ಆದವರಲ್ಲಿ, ಇನ್ನೊಂದು ಕೊಯ್ತ ಇರುವವರಲ್ಲಿ ಡಾಕ್ಟರು ಇದಕ್ಕಿಂತ ಮೇಲಿನ ಮಟ್ಟ ಇಟ್ಟುಕೊಳ್ಳುತ್ತಾರೆ. ಸುಮ್ನೆ ಸಂಖ್ಯೆ ಚೆಂದ ಕಾಣಲಿ ಅಂತ ಕೊಡುವ ವಸ್ತು ಇದಲ್ಲ. ಒಂದು ಪರಿಸ್ಥಿತಿಯಲ್ಲಂತೂ ಕೊಟ್ಟರೆ ಕೆಡುಕೇ ಆಗಬಹುದು. ಅದನ್ನೇ ಈಗ ನೋಡೋಣ.

ಐದರಿಂದ ಹತ್ತನೇ ದಿನ: ಇಲ್ಲಿ ಎಚ್ಚರ

ಒಂದು ಉದಾಹರಣೆ ಹಾಕಿಕೊಳ್ಳಿ. ಆಪರೇಷನ್‌ಗೆ ಮೊದಲು 2.1 ಲಕ್ಷ. ಎರಡನೇ ದಿನ 95 ಸಾವಿರ. ಐದನೇ ದಿನ 1.7 ಲಕ್ಷ. ಎಲ್ಲರೂ ನಿಟ್ಟುಸಿರು ಬಿಟ್ಟರು. ಎಂಟನೇ ದಿನ 75 ಸಾವಿರ.

ಏರಿ ಮತ್ತೆ ಬೀಳುವ ಈ ನಡೆ ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಹೆಪಾರಿನ್ ಮೇಲೆ. ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಇಳಿಯುವ ಈ ಕಾಯಿಲೆಯನ್ನು ಆಸ್ಪತ್ರೆಯಲ್ಲಿ 'ಹಿಟ್' ಅಂತಾರೆ. ಹೃದಯದ ಆಪರೇಷನ್ ಆದ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಬರುತ್ತದೆ. ಅಪರೂಪವೇ, ಆದರೆ ಮನೆಯವರಿಗೆ ಇದರ ಹೆಸರು ಗೊತ್ತಿರಬೇಕು ಎಂದು ನಾನು ಹಟ ಹಿಡಿಯುವುದು ಇದೊಂದಕ್ಕೆ. ಯಾಕೆಂದರೆ ಇದು ಬರುವ ಹೊತ್ತಿಗೆ ರೋಗಿ ಐಸಿಯು ಬಿಟ್ಟು ವಾರ್ಡ್‌ಗೆ ಬಂದಿರುತ್ತಾರೆ. ದಿನಾ ರಕ್ತ ನೋಡುವುದು ನಿಂತಿರುತ್ತದೆ. ಕೆಲವರು ಮನೆಗೂ ಹೋಗಿರುತ್ತಾರೆ.

ಆಗುವುದು ಇಷ್ಟು. ಮೆಷಿನ್‌ಗೆ ರಕ್ತ ಹರಿಸುವಾಗ ಅದು ಕಟ್ಟಿಕೊಳ್ಳದಿರಲು ದೊಡ್ಡ ಪ್ರಮಾಣದಲ್ಲಿ ಹೆಪಾರಿನ್ ಕೊಡಲೇಬೇಕು. ಅದು ಪ್ಲೇಟ್‌ಲೆಟ್‌ನಿಂದ ಬರುವ ಪಿಎಫ್4 ಎಂಬ ಪ್ರೋಟೀನ್ ಜೊತೆ ಕೂಡಿಕೊಳ್ಳುತ್ತದೆ. ಕೆಲವರ ದೇಹ ಈ ಜೋಡಿಯನ್ನು ಶತ್ರು ಎಂದುಕೊಂಡು ಅದರ ವಿರುದ್ಧ ಆ್ಯಂಟಿಬಾಡಿ ತಯಾರಿಸುತ್ತದೆ. ತಯಾರಾಗಲು ಐದಾರು ದಿನ ಹಿಡಿಯುತ್ತದೆ. ಆಮೇಲೆ ಆ ಆ್ಯಂಟಿಬಾಡಿ ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿ, ರಕ್ತನಾಳದೊಳಗೇ ಹೆಪ್ಪುಗಟ್ಟುವಂತೆ ಮಾಡುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತ ಸೋರುತ್ತದೆ ಎಂದು ನಾವು ಕೇಳಿದ್ದೇವೆ. ಇಲ್ಲಿ ಉಲ್ಟಾ. ಹೆಪ್ಪಿನೊಳಗೆ ಖರ್ಚಾಗಿಯೇ ಅವು ಕಡಿಮೆಯಾಗಿವೆ. ಹಾಗಾಗಿ ಇಲ್ಲಿನ ಅಪಾಯ ಕಾಲು ಊದುವುದು, ಶ್ವಾಸಕೋಶಕ್ಕೆ ಹೆಪ್ಪು ಹೋಗುವುದು, ಲಕ್ವ, ಕಾಲಿನ ರಕ್ತಸಂಚಾರ ನಿಲ್ಲುವುದು. ಪ್ಲೇಟ್‌ಲೆಟ್ ಹಾಕಿಸುವುದನ್ನು ರಕ್ತಸ್ರಾವ ಇಲ್ಲದಿದ್ದರೆ ತಪ್ಪಿಸುವುದೂ ಇದೇ ಕಾರಣಕ್ಕೆ.

ಹಿಂದಿನ ಮೂರು ತಿಂಗಳ ಲೆಕ್ಕ ಕೇಳಿದ್ದು ಈಗ ಅರ್ಥವಾಗಬಹುದು. ಆ್ಯಂಟಿಬಾಡಿ ಮೊದಲೇ ರಕ್ತದಲ್ಲಿದ್ದರೆ ಐದು ದಿನ ಕಾಯುವ ಮಾತೇ ಇಲ್ಲ, ಹೆಪಾರಿನ್ ಕೊಟ್ಟ ಒಂದೇ ದಿನದಲ್ಲಿ ಪ್ಲೇಟ್‌ಲೆಟ್ ಕುಸಿಯಬಹುದು. ಹೋದ ತಿಂಗಳ ಆಂಜಿಯೋಗ್ರಾಂ ಆ ಹಾಳೆಯಲ್ಲಿ ಇರಬೇಕಾದದ್ದು ಅದಕ್ಕೇ.

ಅನುಮಾನ ಬಂದಾಗ ಡಾಕ್ಟರು ನಾಲ್ಕು ವಿಷಯಕ್ಕೆ ಅಂಕ ಹಾಕುತ್ತಾರೆ: ಎಷ್ಟು ಇಳಿದಿದೆ (ಅರ್ಧಕ್ಕಿಂತ ಜಾಸ್ತಿ ಆದರೆ ಪೂರ್ಣ ಅಂಕ), ಯಾವ ದಿನ ಇಳಿಯಿತು, ಎಲ್ಲಾದರೂ ಹೊಸ ಹೆಪ್ಪು ಕಂಡಿದೆಯೇ, ಇಳಿಯಲು ಬೇರೆ ಕಾರಣ ಇದೆಯೇ. ನಾಲ್ಕರಲ್ಲಿ ಮೊದಲ ಎರಡಕ್ಕೆ ಉತ್ತರ ನಿಮ್ಮ ಹಾಳೆಯಲ್ಲೇ ಇದೆ. ರಾತ್ರಿ ಪಾಳಿಯ ಡಾಕ್ಟರು ಹೊಸಬರಾಗಿದ್ದರೆ ಆ ಹಾಳೆಯನ್ನು ಕೈಗೆ ಕೊಡಿ. ದಪ್ಪ ಫೈಲ್ ತಿರುಗಿಸುವುದಕ್ಕಿಂತ ಅದು ಬೇಗ ಆಗುತ್ತದೆ.

ಆ್ಯಂಟಿಬಾಡಿ ಪರೀಕ್ಷೆಯೂ ಇದೆ. ಆದರೆ ಹೃದಯದ ಆಪರೇಷನ್ ಆದ ಬಹಳ ಜನರ ರಕ್ತದಲ್ಲಿ ಈ ಆ್ಯಂಟಿಬಾಡಿ ಸಿಗುತ್ತದೆ, ಕಾಯಿಲೆ ಮಾತ್ರ ಇರುವುದಿಲ್ಲ. ಹಾಗಾಗಿ 'ಎಲ್ಲರಿಗೂ ಒಮ್ಮೆ ಮಾಡಿಬಿಡೋಣ' ಅನ್ನುವ ಪರೀಕ್ಷೆ ಇದಲ್ಲ. ಅಂಕಗಳು ಅನುಮಾನ ಹೇಳಿದಾಗ ಮಾತ್ರ ಇದಕ್ಕೆ ಬೆಲೆ. ಅನುಮಾನ ಗಟ್ಟಿಯಾಗಿದ್ದರೆ ರಿಪೋರ್ಟ್ ಬರುವವರೆಗೂ ಕಾಯದೆ ಹೆಪಾರಿನ್ ನಿಲ್ಲಿಸುತ್ತಾರೆ.

ನಿಲ್ಲಿಸುವುದು ಅಂದರೆ ಪೂರ್ತಿ ನಿಲ್ಲಿಸುವುದು. ಡ್ರಿಪ್ ನಿಲ್ಲಿಸಿ, ಕತ್ತಿನ ಲೈನ್ ಕಟ್ಟಿಕೊಳ್ಳದಿರಲಿ ಅಂತ ಹೆಪಾರಿನ್ ಬೆರೆಸಿದ ನೀರು ಬಿಡುವುದು ಮುಂದುವರಿದರೆ ಪ್ರಯೋಜನ ಇಲ್ಲ. ಹೊಟ್ಟೆಗೆ ಚುಚ್ಚುವ, ಹೆಪಾರಿನ್ ಗುಂಪಿನದೇ ಆದ ಎನಾಕ್ಸಪರಿನ್ ಕೂಡ ನಿಲ್ಲಬೇಕು. "ಲೈನ್ ಫ್ಲಶ್ ಮಾಡುವುದಕ್ಕೂ ಹೆಪಾರಿನ್ ಬಳಸುತ್ತಿಲ್ಲ ಅಲ್ವಾ ಸಿಸ್ಟರ್?" ಎಂದು ಮೆತ್ತಗೆ ಕೇಳಿ. ನೇರ ಆರೋಪದ ದನಿ ಬೇಡ, ವಾರ್ಡ್‌ನಲ್ಲಿ ಅವರಿಗೂ ಕೈತುಂಬ ಕೆಲಸ ಇರುತ್ತದೆ. ಹೆಪಾರಿನ್ ಬದಲಿಗೆ ಆರ್ಗಾಟ್ರೋಬಾನ್, ಬೈವಾಲಿರುಡಿನ್, ಫಾಂಡಾಪಾರಿನಕ್ಸ್ ಮುಂತಾದ, ಹೆಪ್ಪುಗಟ್ಟದಂತೆ ತಡೆಯುವ ಬೇರೆ ಔಷಧಿ ಕೊಡುತ್ತಾರೆ. ಬರೀ ಹೆಪಾರಿನ್ ನಿಲ್ಲಿಸಿ ಸುಮ್ಮನಿದ್ದರೆ ಹೆಪ್ಪುಗಟ್ಟುವುದು ನಿಲ್ಲುವುದಿಲ್ಲ.

ಇನ್ನೊಂದು ಬಲೆ ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ. ವಾಲ್ವ್ ಹಾಕಿದವರಿಗೆ ಹೇಗೂ ಆ ಮಾತ್ರೆ ಶುರು ಮಾಡುವ ಹೊತ್ತು ಇದೇ. ಹಿಟ್ ಇರುವಾಗ ಪ್ಲೇಟ್‌ಲೆಟ್ 1.5 ಲಕ್ಷ ದಾಟುವ ಮುಂಚೆ ವಾರ್ಫರಿನ್ ಶುರು ಮಾಡಿದರೆ ರಕ್ತ ಹೆಪ್ಪುಗಟ್ಟುವುದು ಇನ್ನೂ ಹೆಚ್ಚಿ, ಕಾಲು ಅಥವಾ ಚರ್ಮ ಕೊಳೆಯುವ ಅಪಾಯ ಇದೆ. ಅಸಿಟ್ರೋಂ ಅಂತ ಬರೆದುಕೊಡುವ ಅಸೆನೊಕೌಮರಾಲ್ ಮಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ.

ಡಿಸ್ಚಾರ್ಜ್ ಆದ ಮೇಲೂ ಇದು ಕಾಣಿಸಿಕೊಳ್ಳಬಹುದು, ಮೂರು ವಾರದವರೆಗೂ. ಮನೆಗೆ ಹೊರಡುವ ದಿನ ಒಂದು ರಕ್ತ ಪರೀಕ್ಷೆ ಆಗಿದೆಯೇ, ಹತ್ತನೇ ದಿನದಿಂದ ಹದಿನಾಲ್ಕನೇ ದಿನದೊಳಗೆ ಇನ್ನೊಂದು ಮಾಡಿಸಬೇಕೇ ಎಂದು ಕೇಳಿ. ನಿಮ್ಮೂರಿನ ಲ್ಯಾಬ್‌ನಲ್ಲೇ ಆಗುವ ಪರೀಕ್ಷೆ. ಫೋಟೋ ತೆಗೆದು ಕಳಿಸಿದರೆ ಆಸ್ಪತ್ರೆಯವರು ನೋಡುವ ವ್ಯವಸ್ಥೆ ಇದೆಯೇ ಅಂತಲೂ ವಿಚಾರಿಸಿ.

ಬೇರೆ ಕಾರಣಗಳು

ಎಲ್ಲ ಇಳಿತಕ್ಕೂ ಹೆಪಾರಿನ್ ಕಾರಣ ಅಲ್ಲ. ಸೋಂಕು ರಕ್ತಕ್ಕೆ ಹರಡಿದಾಗ ಪ್ಲೇಟ್‌ಲೆಟ್ ಬೀಳುತ್ತದೆ, ಐಸಿಯುನಲ್ಲಿ ಇದೇ ದೊಡ್ಡ ಕಾರಣ. ಹೃದಯಕ್ಕೆ ಬಲ ಕೊಡಲು ಹಾಕುವ ಬಲೂನ್ ಪಂಪ್, ಹೃದಯ-ಶ್ವಾಸಕೋಶದ ಕೆಲಸ ಮಾಡುವ ಎಕ್ಮೋ ಮೆಷಿನ್ ಇದ್ದರೆ ಅವನ್ನು ತೆಗೆಯುವವರೆಗೆ ಕಡಿಮೆಯೇ ಇರಬಹುದು. ಔಷಧಿಗಳಲ್ಲಿ ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್ ಹತ್ತು ದಿನ ದಾಟಿದರೆ ಕಣ್ಣಿಡಬೇಕು. ವ್ಯಾಂಕೋಮೈಸಿನ್, ಪಿಪೆರಾಸಿಲಿನ್, ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಕೂಡ ಕೆಲವರಲ್ಲಿ ಇಳಿಸುತ್ತವೆ. ಹಾಳೆಯಲ್ಲಿ 'ಹೊಸ ಔಷಧಿ' ಕಾಲಂ ಇಟ್ಟದ್ದು ಇದಕ್ಕೆ.

ಮನೆಗೆ ಬಂದ ಮೇಲೆ ಮಾತ್ರೆ

ಟಿಶ್ಯೂ ವಾಲ್ವ್ ಹಾಕಿದವರಿಗೆ ಸಾಮಾನ್ಯವಾಗಿ ದಿನಕ್ಕೆ 75ರಿಂದ 100 ಮಿಲಿಗ್ರಾಂ ಆಸ್ಪಿರಿನ್ ಇರುತ್ತದೆ. ಆಪರೇಷನ್ ಮಾಡಿ ಹಾಕಿದ್ದರೆ, ಅದರಲ್ಲೂ ಮೈಟ್ರಲ್ ವಾಲ್ವ್ ಆದರೆ, ಮೊದಲ ಮೂರರಿಂದ ಆರು ತಿಂಗಳು ವಾರ್ಫರಿನ್ ಅಥವಾ ಅಸಿಟ್ರೋಂ ಕೊಡುವುದುಂಟು. ಆಗ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಸಂಖ್ಯೆ 2ರಿಂದ 3ರ ಒಳಗೆ ಇರಬೇಕು. ಹೃದಯದ ಬಡಿತ ತಾಳ ತಪ್ಪಿದ್ದರೆ ಇನ್ನೂ ಮುಂದುವರಿಸುತ್ತಾರೆ. ಬಡಿತಕ್ಕೆ ಕೊಡುವ ಅಮಿಯೋಡರೋನ್, ಹಲವು ಆಂಟಿಬಯೋಟಿಕ್‌ಗಳು ಐಎನ್‌ಆರ್ ಏರಿಸುತ್ತವೆ. ಹೊಸ ಮಾತ್ರೆ ಸೇರಿದ ವಾರ ಐಎನ್‌ಆರ್ ಒಮ್ಮೆ ಜಾಸ್ತಿ ನೋಡಿಸಿ.

ಪ್ಲೇಟ್‌ಲೆಟ್ ಕಡಿಮೆ ಇದೆ ಅಂತ ಇವನ್ನು ನೀವೇ ನಿಲ್ಲಿಸಬೇಡಿ. ಹೊಸ ವಾಲ್ವ್ ಮೇಲೆ ಹೆಪ್ಪು ಕೂರುವ ಸಾಧ್ಯತೆ ಹೆಚ್ಚಿರುವುದು ಈ ಮೊದಲ ತಿಂಗಳುಗಳಲ್ಲೇ. ಹಾಗಂತ ಸಂಖ್ಯೆ 50 ಸಾವಿರಕ್ಕಿಂತ ಕೆಳಗೆ ಹೋಗಿರುವಾಗ ಹಳೆ ಚೀಟಿಯ ಪ್ರಕಾರ ನುಂಗುತ್ತಾ ಹೋಗುವುದೂ ಸರಿಯಲ್ಲ. ಅದೇ ದಿನ ಫೋನ್ ಮಾಡಿ ಕೇಳಿ.

ಬೆನ್ನು ನೋವು, ಮಂಡಿ ನೋವು ಅಂತ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಇವು ಸೇರಿದ ಕಾಂಬಿಫ್ಲಾಂನಂಥ ಮಾತ್ರೆ ತರಬೇಡಿ. ಪ್ಲೇಟ್‌ಲೆಟ್ ಸಂಖ್ಯೆ ಚೆನ್ನಾಗಿದ್ದರೂ ಇವು ಅದರ ಕೆಲಸ ಕೆಡಿಸುತ್ತವೆ, ಹೊಟ್ಟೆಯೊಳಗೆ ರಕ್ತ ಸೋರಿಸುತ್ತವೆ. ನೋವಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಊರಿನ ಡಾಕ್ಟರ್ ಹತ್ತಿರ ಹೋದರೆ 'ಸೊಂಟಕ್ಕೆ ಒಂದು ಇಂಜೆಕ್ಷನ್ ಕೊಡಿ' ಅನ್ನುವ ಅಭ್ಯಾಸ ನಮ್ಮಲ್ಲಿದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ, ಪ್ಲೇಟ್‌ಲೆಟ್ ಇಳಿದವರಿಗೆ ಮಾಂಸಖಂಡಕ್ಕೆ ಇಂಜೆಕ್ಷನ್ ಕೊಟ್ಟರೆ ಒಳಗೇ ರಕ್ತ ತುಂಬಿ ಗಡ್ಡೆ ಕಟ್ಟಬಹುದು. ಮೊದಲೇ ಹೇಳಿಬಿಡಿ.

ಪಪ್ಪಾಯಿ ಎಲೆ ರಸ, ಅಮೃತಬಳ್ಳಿ ಕಷಾಯದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ವಾಲ್ವ್ ಆದವರಿಗೆ ಬೇಡ. ಹೆಪಾರಿನ್‌ನಿಂದಲೋ ಸೋಂಕಿನಿಂದಲೋ ಇಳಿದ ಪ್ಲೇಟ್‌ಲೆಟ್‌ಗೆ ಅದು ಮದ್ದಲ್ಲ. ಅಮೃತಬಳ್ಳಿಯಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದು ದಾಖಲಾಗಿದೆ. ಲಿವರ್ ಕೆಟ್ಟರೆ ಐಎನ್‌ಆರ್ ಲೆಕ್ಕವೂ ಕೆಡುತ್ತದೆ. ಸೊಪ್ಪು ಬಿಡಬೇಕಿಲ್ಲ. ವಾರ್ಫರಿನ್ ತಿನ್ನುವವರು ಬಸಳೆ, ಪಾಲಕ್, ನುಗ್ಗೆಸೊಪ್ಪನ್ನು ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅನ್ನುವಂತೆ ಮಾಡದೆ ಒಂದೇ ಅಳತೆಯಲ್ಲಿ ತಿಂದರೆ ಸಾಕು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನು ಫ್ರಿಜ್ ಮೇಲೆ ಅಂಟಿಸಿಡಿ. ಮಲ ಡಾಂಬರಿನಂತೆ ಕಪ್ಪಗಿರುವುದು. ನಿಲ್ಲದ ಮೂಗಿನ ರಕ್ತ. ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಒಮ್ಮೆಲೇ ಏಳುವುದು. ಒಂದೇ ಕಾಲು ಊದಿ ನೋಯುವುದು, ಬೆರಳು ತಣ್ಣಗಾಗಿ ನೀಲಿಗಟ್ಟುವುದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು. ಮಲಗಿದರೆ ಉಸಿರು ಕಟ್ಟುವುದು, ತಲೆ ಸುತ್ತಿ ಬಿಪಿ ಬೀಳುವುದು. ಈ ಕೊನೆಯದು ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿಕೊಂಡದ್ದರ ಗುರುತಿರಬಹುದು, ಮನೆಗೆ ಬಂದು ಎರಡು ಮೂರು ವಾರವಾದ ಮೇಲೂ ಆಗುತ್ತದೆ. ಇವಕ್ಕೆ ಆಟೋ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.

ಜ್ವರ ಬಂದರೆ

ಇದಕ್ಕೆ ನಮ್ಮ ಕಡೆ ಎರಡು ಮುಖ. ಒಂದು, ಹೊಸ ವಾಲ್ವ್‌ಗೆ ಸೋಂಕು ತಗುಲಿರಬಹುದು. ಇನ್ನೊಂದು, ಡೆಂಗಿ, ಕರಾವಳಿಯ ಮಲೇರಿಯಾ, ಇಲಿಜ್ವರ, ಮಲೆನಾಡಿನ ಮಂಗನ ಕಾಯಿಲೆ. ಈ ನಾಲ್ಕರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ವಾಲ್ವ್ ಸೋಂಕಿನಲ್ಲೂ ಇಳಿಯಬಹುದು. ನೋಡಿ ಹೇಳಲು ಆಗುವುದಿಲ್ಲ.

ಹಾಗಾಗಿ ಚಳಿ ಜ್ವರ ಬಂದರೆ, ಅಥವಾ ಸಣ್ಣ ಜ್ವರ ಎರಡು ದಿನವಾದರೂ ಬಿಡದಿದ್ದರೆ, ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಿಸಬೇಡಿ. ನಾಲ್ಕು ಮಾತ್ರೆ ಬಿದ್ದರೂ ವಾಲ್ವ್ ಮೇಲಿನ ರೋಗಾಣು ರಕ್ತದ ಕಲ್ಚರ್‌ನಲ್ಲಿ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಸಿಗದೆ ತಪ್ಪಿಸಿಕೊಳ್ಳಬಹುದು. ಆಮೇಲೆ ಯಾವ ಔಷಧಿ ಕೊಡಬೇಕು ಎನ್ನುವುದೇ ಊಹೆಯ ಮಾತಾಗುತ್ತದೆ. ಆಂಟಿಬಯೋಟಿಕ್ ಶುರುವಾಗುವ ಮೊದಲು ಬೇರೆ ಬೇರೆ ಕಡೆಯಿಂದ ಮೂರು ಸಲ ಕಲ್ಚರ್‌ಗೆ ರಕ್ತ ತೆಗೆಯುವುದು ಪದ್ಧತಿ. ಊರಿನ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ: "ಇವರಿಗೆ ಟಿಶ್ಯೂ ವಾಲ್ವ್ ಹಾಕಿದೆ, ಕಲ್ಚರ್ ಆದ ಮೇಲೆ ಆಂಟಿಬಯೋಟಿಕ್ ಕೊಡಬಹುದಾ ಸರ್?" ಡೆಂಗಿ ಎಂದು ಗೊತ್ತಾದರೆ ಆಸ್ಪಿರಿನ್, ವಾರ್ಫರಿನ್ ಮುಂದುವರಿಸುವ ಪ್ರಶ್ನೆ ಕಷ್ಟದ್ದು. ಊರಿನ ಡಾಕ್ಟರು ಮತ್ತು ಹೃದಯದ ಡಾಕ್ಟರು ಫೋನ್‌ನಲ್ಲಾದರೂ ಮಾತಾಡಿಕೊಳ್ಳುವಂತೆ ಮಾಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರುವ ನಂಬರ್ ಅದಕ್ಕೇ ಇರುವುದು.

ವರ್ಷಗಳ ಮೇಲೆ

ಟಿಶ್ಯೂ ವಾಲ್ವ್ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬರುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ. ಮೊದಲ ಮೂರು ತಿಂಗಳೊಳಗಿನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಜೋಪಾನ ಮಾಡಿ, ಮುಂದಿನದನ್ನೆಲ್ಲ ಅದರ ಜೊತೆ ಹೋಲಿಸುತ್ತಾರೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾಗಿ, ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ವಾಲ್ವ್ ಪಕ್ಕದಿಂದ ರಕ್ತ ಸೋರಿ ಕೆಂಪುಕಣ ಒಡೆಯುತ್ತಿರಬಹುದು. ಬರೀ ಕಾಮಾಲೆ ಅಂತ ನಾಟಿ ಔಷಧಿಗೆ ಹೋಗುವ ಮುಂಚೆ ಎಕೋ ಮಾಡಿಸಿ. ಹಲ್ಲು ಕೀಳಿಸುವ, ವಸಡು ಶುಚಿ ಮಾಡಿಸುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಆಂಟಿಬಯೋಟಿಕ್ ಬೇಕು. ಅಲರ್ಜಿ ಇಲ್ಲದ ದೊಡ್ಡವರಿಗೆ ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್. ಹಲ್ಲಿನ ಡಾಕ್ಟರು ತಾವಾಗಿ ಕೇಳದಿದ್ದರೂ ನೀವು ಹೇಳಿ.

ರೋಗಿಗೆ ಹಿಟ್ ಆಗಿತ್ತು ಎಂದು ಖಚಿತವಾಗಿದ್ದರೆ ಇನ್ನೊಂದು ಕೆಲಸ ಉಳಿದಿದೆ. ಡಿಸ್ಚಾರ್ಜ್ ಸಮ್ಮರಿಯ ಅಲರ್ಜಿ ಜಾಗದಲ್ಲಿ 'ಹೆಪಾರಿನ್' ಎಂದು ಬರೆಸಿ. ಸಮ್ಮರಿಯ ಮೂರನೇ ಪುಟದ ಮಧ್ಯದಲ್ಲಿ ಎಲ್ಲೋ ಇದ್ದರೆ ಯಾರೂ ಓದುವುದಿಲ್ಲ. ಪರ್ಸ್‌ನಲ್ಲಿ ಆಧಾರ್ ಕಾರ್ಡ್ ಜೊತೆ ಒಂದು ಚೀಟಿ ಇಡಿ: ಹೆಪಾರಿನ್ ಕೊಡಬಾರದು, ಯಾವ ತಿಂಗಳು ಏನಾಯಿತು, ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿತ್ತು, ಬದಲಿಗೆ ಯಾವ ಔಷಧಿ ಕೊಟ್ಟರು. ರಕ್ತದಲ್ಲಿನ ಆ್ಯಂಟಿಬಾಡಿ ಸಾಮಾನ್ಯವಾಗಿ ಮೂರು ತಿಂಗಳ ಸುಮಾರಿಗೆ ಮಾಯವಾಗುತ್ತದೆ. ಆದ್ದರಿಂದ ಮುಂದೆ ಇನ್ನೊಂದು ಹೃದಯದ ಆಪರೇಷನ್ ಬೇಕಾದರೆ ಅದನ್ನು ಪರೀಕ್ಷಿಸಿ, ಇಲ್ಲವೆಂದು ಗೊತ್ತಾದ ಮೇಲೆ, ಮೆಷಿನ್ ಓಡುವ ಅಷ್ಟು ಹೊತ್ತಿಗೆ ಮಾತ್ರ ಹೆಪಾರಿನ್ ಬಳಸುವ ದಾರಿ ಸರ್ಜನ್‌ಗಳಿಗೆ ಇದೆ. ಆ ಲೆಕ್ಕಕ್ಕೆ ಅವರಿಗೆ ತಾರೀಕು ಬೇಕು. ಮೊದಲು ಶುರು ಮಾಡಿದ ಹಾಳೆಯ ಜೆರಾಕ್ಸ್ ತೆಗೆದು ಫೈಲ್‌ನ ಮೇಲ್ಗಡೆಯೇ ಪಿನ್ ಮಾಡಿಡಿ.